ಮಂಗಳವಾರ ಬರುತ್ತಿದ್ದ ಕಾಂಪೋಸ್ಟ್ ಅಕ್ಕ

ಹೋದ ವಾರ ನನ್ನ ಮೊಬೈಲಿಗೆ ಒಂದು ಪ್ರಶ್ನೆಪತ್ರ ಬಂತು. ಹಸಿ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡುವ ಕಾಂಪೋಸ್ಟ್ ಸೇವೆಯನ್ನು ಎರಡೂವರೆ ವರ್ಷ ನಮ್ಮ ಮನೆಗೆ ಕೊಟ್ಟ ಪರಿಸರ ಸಂಸ್ಥೆ ಕಳಿಸಿದ್ದು. ಅವರು ಕೆಲಸ ನಿಲ್ಲಿಸಿ ಮೂರು ತಿಂಗಳಾಯಿತು. ಎಲ್ಲವನ್ನೂ ಹೊಸದಾಗಿ ಜೋಡಿಸಿಕೊಂಡು ಮತ್ತೆ ಶುರು ಮಾಡುತ್ತಾರಂತೆ. ಅದಕ್ಕೆ ನಮ್ಮ ಅಭಿಪ್ರಾಯ ಬೇಕಂತೆ. ಪತ್ರ ಪೂರ್ತಿ ಇಂಗ್ಲಿಷಿನಲ್ಲಿತ್ತು. ಹನ್ನೆರಡು ಪ್ರಶ್ನೆ, ಒಂದೊಂದಕ್ಕೂ ಹತ್ತರಲ್ಲಿ ಅಂಕ ಕೊಡಬೇಕು. ಆ್ಯಪ್ ಮಾಡಿದರೆ ಬಳಸುತ್ತೀರಾ, ವಿಡಿಯೊ ನೋಡಿ ಕಲಿಯುತ್ತೀರಾ ಅಂತೆಲ್ಲ ಕೇಳಿದ್ದರು. ಪ್ರತಿ ಮಂಗಳವಾರ ನಮ್ಮ ಮಹಡಿ ಹತ್ತಿ ಬಂದು ಡ್ರಮ್ಮಿಗೆ ಕೈ ಹಾಕಿ ನೋಡುತ್ತಿದ್ದ ಅಕ್ಕನ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ. ಅದಕ್ಕೇ ನನ್ನ ಉತ್ತರವನ್ನು ಕನ್ನಡದಲ್ಲಿ, ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಸಂಸ್ಥೆಯ ಹೆಸರು ಹೇಳುವುದಿಲ್ಲ. ಅವರು ಒಳ್ಳೆಯ ಕೆಲಸ ಮಾಡಿದ್ದಾರೆ, ಮುಂದೆಯೂ ಮಾಡಬೇಕು. ಕಷ್ಟದಲ್ಲಿರುವವರ ಹೆಸರು ಹಿಡಿದು ದೂರುವುದು ನನಗೆ ಸರಿ ಅನ್ನಿಸಲಿಲ್ಲ. ಆದರೆ ದೂರು ಇದೆ. ಅದನ್ನು ಬಚ್ಚಿಡುವುದಿಲ್ಲ.

ನಮ್ಮದು ಹನುಮಂತನಗರ. ರಾಮಾಂಜನೇಯ ಗುಡ್ಡದಿಂದ ನಡೆದು ಹೋಗುವಷ್ಟು ದೂರ. ನಾನು ಮನೆಯಲ್ಲೇ ಹೋಳಿಗೆ, ಚಪಾತಿ, ಚಟ್ನಿಪುಡಿ ಮಾಡಿ ಆರ್ಡರ್ ಮೇಲೆ ಕೊಡುತ್ತೇನೆ. ಅವರೆಕಾಯಿ ಕಾಲದಲ್ಲಿ ಹಿತಕಿದಬೇಳೆಯನ್ನೂ ಬಿಡಿಸಿ ಮಾರುತ್ತೇನೆ. ಹಾಗಾಗಿ ನಮ್ಮ ಮನೆಯ ಹಸಿ ಕಸ ಬೇರೆ ಮನೆಗಳ ಹಾಗಲ್ಲ. ಮಾಮೂಲಿ ದಿನ ಐದು ಕೆಜಿ ಆಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಅವರೆಸಿಪ್ಪೆಯೇ ಗೋಣಿಚೀಲದಷ್ಟು. ಬೆಳಿಗ್ಗೆ ಕಸದ ಆಟೊ ಟಿಪ್ಪರ್ ಜೊತೆ ಬರುವ ಹುಡುಗ ಒಂದು ದಿನ ಮೆಲ್ಲಗೆ ಹೇಳಿದ, "ಅಮ್ಮಾ, ನಿಮ್ಮನೇದೇ ಇಷ್ಟು ತುಂಬಿದ್ರೆ ಮುಂದಿನ ಬೀದಿಗೆ ಗಾಡೀಲಿ ಜಾಗ ಇರಲ್ಲ." ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನನಗೇ ಮುಜುಗರ ಆಯಿತು.

ಕಸ ಎಲ್ಲಿಗೆ ಹೋಗುತ್ತದೆ ಅನ್ನುವುದು ನನ್ನ ತಲೆಗೆ ಹೊಕ್ಕಿದ್ದು 2012ರಲ್ಲಿ. ಬೆಂಗಳೂರಿನ ಕಸ ಸುರಿಯುತ್ತಿದ್ದ ಮಾವಳ್ಳಿಪುರದ ಜನ ಇನ್ನು ಸಾಕು ಅಂದರು. ಅಲ್ಲಿಗೆ ಲಾರಿಗಳು ಹೋಗುವುದು ನಿಂತಿತು. ಆ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಬೀದಿಯಲ್ಲೂ ಕಸದ ರಾಶಿ. ಗಾಂಧಿ ಬಜಾರಿಗೆ ಹೂವು ತರಲು ಹೋಗುವಾಗ ಸೆರಗಿನಿಂದ ಮೂಗು ಮುಚ್ಚಿಕೊಂಡು ಓಡಾಡಿದ್ದು ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ಭಾರವೆಲ್ಲ ಮಂಡೂರಿನ ಮೇಲೆ ಬಿತ್ತು. ಅಲ್ಲಿಯವರೂ ರಸ್ತೆಗಿಳಿದರು. 2014ರ ಕೊನೆಗೆ ಅದೂ ನಿಂತಿತು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಆದೇಶ ಬಂತು: ಹಸಿ ಕಸಕ್ಕೆ ಹಸಿರು ಬುಟ್ಟಿ, ಬಳಸಿದ ಪ್ಯಾಡು, ಡೈಪರು ಇಂಥವಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ನಾವು ಅವತ್ತಿನಿಂದ ಬೇರೆ ಮಾಡಿಯೇ ಕೊಡುತ್ತಿದ್ದೇವೆ. ಆದರೆ ಬೇರೆ ಮಾಡಿದ ಹಸಿ ಕಸವೂ ಎಲ್ಲಿಗೋ ಒಂದು ಕಡೆ ಹೋಗಲೇಬೇಕಲ್ಲ. ಅಲ್ಲೂ ಒಂದು ಊರಿರುತ್ತದೆ. ಅಲ್ಲೂ ಮನೆಗಳಿರುತ್ತವೆ, ಬಾವಿಗಳಿರುತ್ತವೆ. ನನ್ನ ಹೋಳಿಗೆ ವ್ಯಾಪಾರದ ಸಿಪ್ಪೆ ಇನ್ನೊಬ್ಬರ ಬಾವಿಯ ಪಕ್ಕ ಕೊಳೆಯಬಾರದು ಅನ್ನಿಸಿತು. ಕಾಂಪೋಸ್ಟ್ ಶುರು ಮಾಡಿದ್ದು ಅದಕ್ಕೆ.

ಮೊದಲು ನಾನೇ ಮಾಡಲು ಹೋದೆ. ಒಂದರ ಮೇಲೊಂದು ಕೂರಿಸುವ ಮೂರು ಮಣ್ಣಿನ ಮಡಕೆ ತಂದೆ. ಒಂದು ವಾರಕ್ಕೇ ಮೇಲಿನ ಮಡಕೆ ತುಂಬಿತು. ಹತ್ತನೇ ದಿನ ವಾಸನೆ. ಹದಿನೈದನೇ ದಿನ ಬಿಳಿ ಹುಳು. ನಮ್ಮ ಅತ್ತೆಗೆ 84 ವರ್ಷ, ತಿಪಟೂರು ಕಡೆಯವರು. "ತಿಪ್ಪೆ ಹಿತ್ತಲಲ್ಲಿರ್ಬೇಕು ಕಣಮ್ಮ, ಮನೆ ಮೇಲಲ್ಲ" ಅಂದರು. ಎಲ್ಲವನ್ನೂ ಚೀಲಕ್ಕೆ ತುಂಬಿ ಟಿಪ್ಪರಿಗೆ ಹಾಕಿಬಿಟ್ಟೆ. ಮಡಕೆಗಳಲ್ಲಿ ದೊಡ್ಡಪತ್ರೆ ನೆಟ್ಟೆ.

ಈ ಸಂಸ್ಥೆಯ ವಿಷಯ ಹೇಳಿದ್ದು ಎದುರು ಮನೆಯವರು. ಸಂಕ್ರಾಂತಿ ಕಳೆದ ಮೇಲೆ ಫೋನು ಮಾಡಿದೆ. ಎರಡು ದಿನದಲ್ಲಿ ಬಂದರು. ತೂತು ಕೊರೆದ ಮೂರು ನೀಲಿ ಡ್ರಮ್ ಕೊಟ್ಟರು. ಒಂದೊಂದೂ 200 ಲೀಟರಿನದು. ಅವಕ್ಕೆ 2,000 ರೂಪಾಯಿ ಠೇವಣಿ. ಒಣ ಎಲೆ, ತೆಂಗಿನ ನಾರಿನ ಪುಡಿ ಅವರದೇ. ವಾರಕ್ಕೊಮ್ಮೆ ಬಂದು ನೋಡುವುದೂ ಸೇರಿ ತಿಂಗಳಿಗೆ 350 ರೂಪಾಯಿ. ಬಂದು ನೋಡುತ್ತಿದ್ದವರೇ ಅಕ್ಕ. ನಮ್ಮ ಬೀದಿಯಲ್ಲಿ ಎಲ್ಲರಿಗೂ ಅವರು ಕಾಂಪೋಸ್ಟ್ ಅಕ್ಕ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಆದರೂ ನಾನೂ ಅಕ್ಕ ಅಂತಲೇ ಕರೆಯುತ್ತೇನೆ.

ಮೊದಲ ದಿನ ನಾನು ಹುಳುವಿನ ಕತೆ ಹೇಳಿದೆ. ಅಕ್ಕ ಕೇಳಿದ ಮೊದಲ ಪ್ರಶ್ನೆ, "ಯಾವ ವಾಸ್ನೆ ಬರ್ತಿತ್ತು ಅಮ್ಮಾ?" ವಾಸನೆ ಅಂದರೆ ವಾಸನೆ, ಅದರಲ್ಲಿ ಯಾವುದು ಅಂತ ನನಗೆ ಗೊತ್ತಿರಲಿಲ್ಲ. ಅವರು ಬಿಡಿಸಿ ಹೇಳಿದರು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ನೀರು ನಿಂತಿದೆ, ಗಾಳಿ ಆಡುತ್ತಿಲ್ಲ ಅಂತ. ಕೋಲು ಹಾಕಿ ಮಗುಚಬೇಕು, ಒಣ ಎಲೆ ಸೇರಿಸಬೇಕು. ಮೂಗಿಗೆ ಚುರುಕ್ ಅನ್ನುವ ಘಾಟು ಬಂದರೆ ಹಸಿ ಜಾಸ್ತಿಯಾಗಿದೆ, ಆಗಲೂ ಎಲೆಯೇ ಮದ್ದು. ಹುಳಿ ವಾಸನೆ ಬಂದರೆ ಅನ್ನವೋ ಹಣ್ಣೋ ಒಂದೇ ಕಡೆ ಗುಡ್ಡೆಯಾಗಿದೆ, ಕೆದಕಿ ಹರಡಬೇಕು. ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಗೊಬ್ಬರ ಆಗಿದೆ. ಬಿಳಿ ಹುಳುವಿನ ವಿಷಯಕ್ಕೆ ಅವರು ನಕ್ಕರು. ಅದು ಕಪ್ಪು ನೊಣವೊಂದರ ಮರಿಯಂತೆ. ಮನುಷ್ಯರನ್ನು ಕಚ್ಚುವುದಿಲ್ಲ, ರೋಗ ತರುವುದಿಲ್ಲ. ಹಸಿ ಕಸವನ್ನು ಬೇಗಬೇಗ ತಿಂದು ನಮ್ಮ ಕೆಲಸ ಹಗುರ ಮಾಡುತ್ತದೆ. "ಅವು ನಮ್ ಕಡೆಯವ್ರೇ ಅಮ್ಮಾ, ಓಡಿಸ್ಬೇಡಿ" ಅಂದರು.

ಆಮೇಲೆ ಹದ ತೋರಿಸಿಕೊಟ್ಟರು. ಡ್ರಮ್ಮಿನೊಳಗಿಂದ ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿದರು. ನೀರು ತೊಟ್ಟಿಕ್ಕಬಾರದು. ಕೈ ಬಿಚ್ಚಿದರೆ ಉಂಡೆ ನಿಲ್ಲಬೇಕು. ಬೆರಳಲ್ಲಿ ಮುಟ್ಟಿದರೆ ಉದುರಬೇಕು. ನಾನು ಥಟ್ ಅಂತ ಹೇಳಿದೆ, "ಇದು ಹೂರಣದ ಹದ ಅಲ್ವಾ?" ಬೇಳೆಯಲ್ಲಿ ಕಟ್ಟು ಉಳಿದರೆ ಹೂರಣ ನೀರಾಗುತ್ತದೆ, ಹೋಳಿಗೆ ಹರಿಯುತ್ತದೆ. ಜಾಸ್ತಿ ಬಾಡಿಸಿದರೆ ಉಂಡೆ ಒಡೆಯುತ್ತದೆ. ಮೂವತ್ತು ವರ್ಷದಿಂದ ನನ್ನ ಕೈಗೆ ಗೊತ್ತಿರುವ ಹದ ಅದು. ಅವತ್ತಿನಿಂದ ನಾನು ಡ್ರಮ್ಮಿನ ವಿಷಯದಲ್ಲಿ ತಪ್ಪಿಲ್ಲ. ಅಕ್ಕ ಬೇರೆ ಮನೆಗಳಲ್ಲೂ ಹೂರಣದ ಹದ ಅಂತಲೇ ಹೇಳಿಕೊಡಲು ಶುರು ಮಾಡಿದರು. ಎದುರು ಮನೆಯವರು ನನ್ನ ಬಳಿ ಬಂದು ಹೇಳಿದಾಗ ನನಗೆ ತುಂಬಾ ಖುಷಿಯಾಯಿತು.

ಪುಸ್ತಕದಲ್ಲಿ ಬರೆದಿರುವುದಕ್ಕೂ ನಮ್ಮ ಅಡುಗೆಮನೆಗೂ ನಡುವೆ ಎಷ್ಟೋ ಸಣ್ಣಪುಟ್ಟ ವಿಷಯಗಳಿರುತ್ತವೆ. ಅವನ್ನೆಲ್ಲ ಹೇಳಿದ್ದು ಅಕ್ಕ. ಅವರೆಸಿಪ್ಪೆ ಬೇಗ ಕರಗುತ್ತದೆ, ಆದರೆ ನೀರು ಬಿಡುತ್ತದೆ, ಅವತ್ತು ಎಲೆ ಎರಡು ಪಟ್ಟು ಹಾಕಿ. ನಿಂಬೆ ಸಿಪ್ಪೆ ಹಾಕಬಹುದು, ಜಾಸ್ತಿ ಹಾಕಬಾರದು. ಮಾವಿನ ಓಟೆ ವರ್ಷವಾದರೂ ಹಾಗೇ ಇರುತ್ತದೆ, ಜರಡಿಯಲ್ಲಿ ಸಿಕ್ಕಿದ್ದನ್ನು ತಿರುಗಿ ಡ್ರಮ್ಮಿಗೆ ಹಾಕಿ. ಎಣ್ಣೆ, ಮೊಸರು ಬೇಡ. ಬಾಳೆ ಎಲೆಯನ್ನು ಹರಿದು ಹಾಕಿ, ಇಡಿಯಾಗಿ ಹಾಸಿದರೆ ಕೆಳಗೆ ಗಾಳಿ ಹೋಗುವುದಿಲ್ಲ. ಮೊದಲ ಡ್ರಮ್ ತುಂಬಿದ ಮೇಲೆ ಒಂದು ಬೆಳಿಗ್ಗೆ ಮಗುಚಿದಾಗ ಒಳಗಿಂದ ಹಬೆ ಬಂತು. ಬೆಂಕಿಯಿಲ್ಲದೆ ಅಷ್ಟು ಬಿಸಿ. ಅತ್ತೆಯನ್ನು ಕರೆದು ತೋರಿಸಿದೆ. ಅವರು ಕೈ ಹತ್ತಿರ ಹಿಡಿದು ನೋಡಿ, "ಹೌದು, ನಮ್ಮೂರ ತಿಪ್ಪೇಲೂ ಚಳಿಗಾಲದಲ್ಲಿ ಹಿಂಗೇ ಹೊಗೆ ಏಳ್ತಿತ್ತು" ಅಂದರು. ಅವತ್ತಿನಿಂದ ಅಕ್ಕನಿಗೆ ನಮ್ಮ ಮನೆಯಲ್ಲಿ ಮಂಗಳವಾರದ ಕಾಫಿ ಅತ್ತೆಯ ಲೆಕ್ಕದಲ್ಲಿ.

ಅಕ್ಕ ಮೊದಲು ಬೀದಿಯಲ್ಲಿ ಕಸ ಆಯುತ್ತಿದ್ದವರು. ಕಸ ಆಯುವವರಿಗೆ ಪಾಲಿಕೆ ಕೊಟ್ಟ ಗುರುತಿನ ಚೀಟಿ ಅವರ ಬಳಿ ಇದೆ. ಪ್ಲಾಸ್ಟಿಕ್ ಕವರನ್ನು ಬೆರಳಲ್ಲಿ ಹಿಸುಕಿ, ಆ ಸದ್ದು ಕೇಳಿಯೇ ಇದಕ್ಕೆ ದುಡ್ಡು ಬರುತ್ತೆ, ಇದಕ್ಕೆ ಬರಲ್ಲ ಅಂತ ಹೇಳುತ್ತಾರೆ. ಕಸದ ಬಗ್ಗೆ ಅವರಿಗೆ ಗೊತ್ತಿರುವಷ್ಟು ನನಗೆ ಗೊತ್ತಿರುವ ಯಾವ ಓದಿದವರಿಗೂ ಗೊತ್ತಿಲ್ಲ. ಅಂಥವರಿಗೆ ಚೀಲ ಹೊರುವ ಕೆಲಸದ ಬದಲು ಕಲಿಸುವ ಕೆಲಸ ಕೊಟ್ಟಿದ್ದು ಈ ಸಂಸ್ಥೆ. ಇದಕ್ಕೆ ನಾನು ಎಷ್ಟು ಅಂಕ ಬೇಕಾದರೂ ಕೊಡುತ್ತೇನೆ.

ಸಂಸ್ಥೆಯ ಎಲೆ ಸರಬರಾಜೂ ಚೆನ್ನಾಗಿತ್ತು. ಫೆಬ್ರವರಿ, ಮಾರ್ಚ್‌ನಲ್ಲಿ ಪಾರ್ಕುಗಳಲ್ಲಿ ಉದುರಿದ ಎಲೆಯನ್ನು ಚೀಲಗಳಲ್ಲಿ ತುಂಬಿಡುತ್ತಿದ್ದರು. ಇಲ್ಲದಿದ್ದರೆ ಅದನ್ನು ರಸ್ತೆ ಬದಿಯಲ್ಲಿ ಸುಟ್ಟು ಹೊಗೆ ಮಾಡುವವರೇ ಜಾಸ್ತಿ. ಮಳೆಮರದ ಪುಟ್ಟ ಎಲೆ ಬೇಗ ಪುಡಿಯಾಗುತ್ತದೆ, ಮಾವು, ಹಲಸಿನ ಎಲೆ ನಿಧಾನ. ಕಾರ್ತಿಕದ ಕೊನೆ ಸೋಮವಾರದ ಕಡಲೆಕಾಯಿ ಪರಿಷೆ ಮುಗಿದ ಮೇಲೆ ಬುಲ್ ಟೆಂಪಲ್ ರಸ್ತೆಯಲ್ಲಿ ಬಿದ್ದ ಕಡಲೆಕಾಯಿ ಸಿಪ್ಪೆಯನ್ನೂ ಮೂಟೆ ಕಟ್ಟಿ ತಂದು ಹಂಚಿದ್ದರು. ಪರಿಷೆಯ ಸಿಪ್ಪೆ ನನ್ನ ಡ್ರಮ್ಮಿನಲ್ಲಿ ಗೊಬ್ಬರವಾಗಿ, ಅದೇ ಗೊಬ್ಬರದಲ್ಲಿ ನಮ್ಮ ಕರಿಬೇವು ಚಿಗುರಿತು. ಇದು ನನಗೆ ಬಹಳ ಇಷ್ಟವಾದ ವಿಷಯ.

ಅವರದೇ ಪಾತ್ರೆ ಬ್ಯಾಂಕೂ ಇತ್ತು. ನಾಮಕರಣ, ಸೀಮಂತಗಳಿಗೆ ಸ್ಟೀಲ್ ತಟ್ಟೆ, ಲೋಟ ಕೊಡುತ್ತಿದ್ದರು. ತೊಳೆದು ವಾಪಸ್ ಕೊಟ್ಟರೆ ಸಾಕು. ನಾನು ನಾಲ್ಕು ಸಲ ತಂದಿದ್ದೇನೆ. ಎಣಿಕೆಯಲ್ಲಿ ಒಮ್ಮೆಯೂ ತಕರಾರು ಬಂದಿಲ್ಲ.

ಈಗ ದೂರು.

ಜೂನ್ ಮೊದಲ ವಾರ, ಒಂದು ಸಂಜೆ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಸಂದೇಶ ಬಂತು. ಸಂಸ್ಥೆಯನ್ನು ಹೊಸದಾಗಿ ಕಟ್ಟಿಕೊಳ್ಳಲು ಎಲ್ಲ ಕೆಲಸಗಳನ್ನು ಸದ್ಯಕ್ಕೆ ನಿಲ್ಲಿಸುತ್ತಿದ್ದೇವೆ ಅಂತ. ಕೊನೆಯ ಭೇಟಿಗೆ ಒಂಬತ್ತು ದಿನ ಉಳಿದಿತ್ತು. ನನ್ನ ಒಂದು ಡ್ರಮ್ ಅರ್ಧ ತುಂಬಿತ್ತು, ಇನ್ನೊಂದು ಮಾಗುತ್ತಿತ್ತು. ಮುಂಗಾರು ಹಿಡಿದಿತ್ತು. ಒಣ ಎಲೆ ಸಿಗುವ ಕಾಲವೇ ಅಲ್ಲ ಅದು. ಮನೆಯಲ್ಲಿದ್ದ ಎಲೆ ಹೆಚ್ಚೆಂದರೆ ಹತ್ತು ದಿನಕ್ಕೆ ಸಾಲುವಷ್ಟು. ಸಹಾಯಕ್ಕೆ ಅಂತ ಕೊಟ್ಟ ನಂಬರಿಗೆ ಮಾಡಿದರೆ ರಿಂಗ್ ಆಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಠೇವಣಿ ಹಣ ವಾಪಸ್ ಬರಲು ಐದು ವಾರ ಹಿಡಿಯಿತು. ಬಂತು, ಪೂರ್ತಿ ಬಂತು, ಡ್ರಮ್ಮುಗಳನ್ನೂ ಇಟ್ಟುಕೊಳ್ಳಿ ಅಂದರು. ಅದನ್ನೂ ಹೇಳಬೇಕು.

ಇವೆಲ್ಲ ಸಹಿಸಿಕೊಳ್ಳಬಹುದಾದ ತೊಂದರೆಗಳು. ನನಗೆ ನೋವಾಗಿದ್ದು ಬೇರೆ ವಿಷಯಕ್ಕೆ. ಆ ಸಂದೇಶ ಬಂದ ಮಾರನೇ ದಿನ ಅಕ್ಕ ನನಗೆ ಫೋನ್ ಮಾಡಿದರು. "ಅಮ್ಮಾ, ಗುಂಪಲ್ಲಿ ಇಂಗ್ಲಿಷಲ್ಲಿ ಏನೋ ಹಾಕವ್ರೆ, ನನ್ ಮಗ ಶಾಲೆಯಿಂದ ಇನ್ನೂ ಬಂದಿಲ್ಲ, ಒಸಿ ಓದಿ ಹೇಳ್ತೀರಾ?" ನಾನು ಓದಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಅವರ ಕೆಲಸ ಹೋಗುತ್ತಿದೆ ಅನ್ನುವುದನ್ನು ಅವರಿಗೆ ತಿಳಿಸಿದವಳು ನಾನು. ಅದು ಸಂಸ್ಥೆಯವರು ಎದುರಿಗೆ ಕೂರಿಸಿಕೊಂಡು, ಕನ್ನಡದಲ್ಲಿ, ನಮಗಿಂತ ಮೊದಲು ಅವರಿಗೆ ಹೇಳಬೇಕಾಗಿದ್ದ ಮಾತು. ಮನೆಮನೆಗೆ ಹೋಗಿ ಸಂಸ್ಥೆಯ ಹೆಸರು ಉಳಿಸಿದವರು ಅವರು. ಇಲ್ಲಿ ಸಂಸ್ಥೆ ತಪ್ಪು ಮಾಡಿತು. ಎಷ್ಟೇ ಒತ್ತಡ ಇರಲಿ, ಇದು ತಪ್ಪು.

ಒತ್ತಡ ಇತ್ತು ಅನ್ನುವುದು ನನಗೂ ಅರ್ಥವಾಗುತ್ತದೆ. ನಮ್ಮ ತಂಗಿಯ ಮಗ ಆಡಿಟರ್ ಹತ್ತಿರ ಕೆಲಸ ಮಾಡುತ್ತಾನೆ. ಅವನು ಕೂರಿಸಿಕೊಂಡು ಲೆಕ್ಕ ಹೇಳಿದ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ತಮ್ಮ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಇಂಥ ಸಂಸ್ಥೆಗಳು ಅದನ್ನೇ ನಂಬಿಕೊಂಡಿರುತ್ತವೆ. ಆದರೆ ಆ ಹಣ ಹೆಚ್ಚಾಗಿ ಯೋಜನೆಯ ಲೆಕ್ಕದಲ್ಲಿ ಬರುತ್ತದೆ. ಸಾವಿರ ಬುಟ್ಟಿ ಹಂಚುತ್ತೇವೆ ಅಂದರೆ ಕೊಡಲು ಮನಸ್ಸು ಬರುತ್ತದೆ. ಹಂಚಿದ ಬುಟ್ಟಿಯನ್ನು ಮೂರು ವರ್ಷ ವಾರವಾರ ಹೋಗಿ ನೋಡುವವರಿಗೆ ಸಂಬಳ ಅಂದರೆ ಕೈ ಹಿಂದಕ್ಕೆ ಹೋಗುತ್ತದೆ. ನಮ್ಮಂಥವರು ಕೊಡುವ ಸಣ್ಣ ದೇಣಿಗೆಗೆ ಆದಾಯ ತೆರಿಗೆ ಕಾಯ್ದೆಯ 80ಜಿ ಅಡಿ ತೆರಿಗೆ ರಿಯಾಯಿತಿ ಸಿಗುತ್ತಿತ್ತು. ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಅದೂ ಇಲ್ಲ. ನಮ್ಮ ಸಂಸ್ಥೆಗೆ ಬರುತ್ತಿದ್ದುದು ಮುಖ್ಯವಾಗಿ ಒಂದೇ ಕಂಪನಿಯ ಹಣ ಅಂತ ಆಮೇಲೆ ತಿಳಿಯಿತು. ಅದು ಮುಗಿಯಿತು.

ನಾನೂ ಒಂದು ಲೆಕ್ಕ ಹಾಕಿದೆ. ಅಕ್ಕನ ಪಾಲಿಗೆ 40 ಮನೆ ಇತ್ತು. ಮನೆಗೆ 350 ಅಂದರೆ ತಿಂಗಳಿಗೆ 14,000 ರೂಪಾಯಿ. ಒಬ್ಬರ ಸಂಬಳಕ್ಕೇ ಅದು ಸರಿಯಾಗಿ ಸಾಲದು. ಮೇಲೆ ಎಲೆ ಸಾಗಿಸುವ ಗಾಡಿ, ಚೀಲ ಇಡುವ ಜಾಗದ ಬಾಡಿಗೆ, ನಾರಿನ ಪುಡಿ. ಅಂದರೆ ಎರಡೂವರೆ ವರ್ಷ ನಾವು ಪೂರ್ತಿ ಬೆಲೆ ಕೊಡದೆ ಸೇವೆ ಪಡೆದಿದ್ದೇವೆ. ಇದನ್ನು ನಮಗೆ ಯಾರೂ ಹೇಳಲೇ ಇಲ್ಲ. ಒಂದು ಸಭೆ ಕರೆದು, ಹೀಗಿದೆ ಪರಿಸ್ಥಿತಿ, ತಿಂಗಳಿಗೆ 600 ಕೊಡುತ್ತೀರಾ ಅಂತ ಕೇಳಿದ್ದರೆ ನಾನು ಕೊಡುತ್ತಿದ್ದೆ. ನಮ್ಮ ಬೀದಿಯಲ್ಲಿ ಕೇಳಿ ನೋಡಿದೆ, ಒಂಬತ್ತು ಮನೆಯಲ್ಲಿ ಏಳು ಮನೆಯವರು ಕೊಡುತ್ತಿದ್ದೆವು ಅಂದರು. ಉಳಿದಿಬ್ಬರಿಗೆ ಆಗುವುದಿಲ್ಲ, ಅದೂ ನಿಜ. ಅವರ ಪಾಲನ್ನು ನಾವು ಹಂಚಿಕೊಳ್ಳಬಹುದಿತ್ತು. ಕಸ ನಮ್ಮದು, ಕಷ್ಟ ಮಾತ್ರ ತನ್ನದು ಅಂತ ಸಂಸ್ಥೆ ಯಾಕೆ ತಿಳಿದುಕೊಂಡಿತೋ.

ಆ್ಯಪ್ ಬಗ್ಗೆ ಕೇಳಿದ್ದೀರಿ. ಎಲೆ ಚೀಲ ಬೇಕು ಅಂತ ಹೇಳುವುದಕ್ಕೆ, ದುಡ್ಡು ಕಟ್ಟುವುದಕ್ಕೆ ಆ್ಯಪ್ ಆಗಬಹುದು. ಅಕ್ಕನ ಬದಲಿಗೆ ಆ್ಯಪ್ ಆಗುವುದಿಲ್ಲ. ಫೋಟೊ ತೆಗೆದು ಕಳಿಸಿದರೆ ನನ್ನ ಡ್ರಮ್ಮಿನ ವಾಸನೆ ನಿಮಗೆ ಬರುವುದಿಲ್ಲ. ವಿಡಿಯೊಗಳನ್ನು ನಾನು ಮಡಕೆ ಹಾಳಾದ ಕಾಲದಲ್ಲೇ ಬೇಕಾದಷ್ಟು ನೋಡಿದ್ದೆ. ಕಾಂಪೋಸ್ಟ್ ಬಿಟ್ಟುಬಿಡುವವರು ಬಿಡುವುದು ಎರಡನೇ ವಾರದಲ್ಲಿ, ಹುಳು ಕಂಡ ದಿನ. ಆ ದಿನ ಒಬ್ಬ ಮನುಷ್ಯರು ಬಂದು, ಮೂಗು ಮುರಿಯದೆ ಕೈ ಹಾಕಿ, "ಏನಾಗಿಲ್ಲ ಅಮ್ಮಾ" ಅಂದರೆ ಆ ಮನೆಯ ಹಸಿ ಕಸ ಮುಂದೆ ಎಷ್ಟೋ ವರ್ಷ ಊರಾಚೆ ಹೋಗುವುದಿಲ್ಲ. ನಿಮ್ಮ ಸೇವೆ ಅಂದರೆ ಅದೇ. ಡ್ರಮ್ ಅಂಗಡಿಯಲ್ಲೂ ಸಿಗುತ್ತದೆ.

ಹೊಸದಾಗಿ ಕಟ್ಟುವಾಗ ಅಕ್ಕನಂಥವರನ್ನು ಯೋಜನೆ ಮಾಡುವ ಮೇಜಿನ ಹತ್ತಿರ ಕೂರಿಸಿಕೊಳ್ಳಿ. ಯಾವ ಮನೆಯಲ್ಲಿ ಏನು ಕೆಡುತ್ತದೆ, ಯಾವ ತಿಂಗಳಲ್ಲಿ ಎಲೆ ಸಾಲುವುದಿಲ್ಲ, ಯಾವ ಬೀದಿಯಲ್ಲಿ ಜನ ಬಾಗಿಲು ತೆಗೆಯುವುದಿಲ್ಲ, ಎಲ್ಲ ಅವರಿಗೆ ಗೊತ್ತು. ಮಳೆಗಾಲಕ್ಕೆ ಮುಂಚೆ ಮೂರು ತಿಂಗಳ ಎಲೆ ಮನೆಗಳಿಗೇ ಕೊಟ್ಟುಬಿಡಿ. ಲೆಕ್ಕವನ್ನು ವರ್ಷಕ್ಕೊಮ್ಮೆ ನಮ್ಮ ಮುಂದೆ ಇಡಿ. ಪ್ರಶ್ನೆಪತ್ರವನ್ನು ಕನ್ನಡದಲ್ಲಿ ಕಳಿಸಿ.

ಸದ್ಯಕ್ಕೆ ನಮ್ಮ ಬೀದಿಯ ಒಂಬತ್ತು ಮನೆಯವರು ಸೇರಿ ಅಕ್ಕನನ್ನೇ ಕರೆಸಿಕೊಳ್ಳುತ್ತಿದ್ದೇವೆ. ಅವರಿಗೆ ಬೇರೆ ಕಡೆ ಮನೆಗೆಲಸ ಸಿಕ್ಕಿದೆ. ಮಂಗಳವಾರ ಮಧ್ಯಾಹ್ನ ಬಿಡುವು ಮಾಡಿಕೊಂಡು ಕತ್ತರಿಗುಪ್ಪೆಯಿಂದ ಬಸ್ಸಿನಲ್ಲಿ ಬರುತ್ತಾರೆ. ಬಸ್ಸು ಹೆಂಗಸರಿಗೆ ಉಚಿತವಾದ್ದರಿಂದ ದಾರಿ ಖರ್ಚಿಲ್ಲ. ಒಂದು ಮನೆಗೆ ಒಂದು ಭೇಟಿಗೆ 100 ರೂಪಾಯಿ. ಎಲೆಗೆ ತೊಂದರೆಯೇ. ಬಡಗಿಯ ಹತ್ತಿರ ಮರದ ಹೊಟ್ಟು ತಂದು ಜೂನ್, ಜುಲೈ ತಳ್ಳಿದೆವು. ಪ್ಲೈವುಡ್ಡಿನ ಹೊಟ್ಟು ಬೇಡ, ಅದರಲ್ಲಿ ಅಂಟು ಇರುತ್ತೆ ಅಂತ ಅಕ್ಕ ಮೊದಲೇ ಹೇಳಿದ್ದರು. ಈ ವ್ಯವಸ್ಥೆ ಒಂದು ಬೀದಿಗೆ ಆಗುತ್ತದೆ. 40 ಮನೆಗೆ ಆಗುವುದಿಲ್ಲ, ಅಕ್ಕನ ಜೊತೆ ಕೆಲಸ ಮಾಡುತ್ತಿದ್ದ ಉಳಿದವರಿಗೂ ಆಗುವುದಿಲ್ಲ. ಸಂಸ್ಥೆ ವಾಪಸ್ ಬರಲಿ ಅಂತ ನಾನು ನಿಜವಾಗಿ ಕಾಯುತ್ತಿದ್ದೇನೆ. ಬಂದ ದಿನವೇ ಸೇರುತ್ತೇನೆ.

ಪ್ರಶ್ನೆಪತ್ರಕ್ಕೆ ಈ ತಿಂಗಳ 30 ಕೊನೆ ದಿನ. ಉತ್ತರವಾಗಿ ಇದನ್ನೇ ಕಳಿಸುತ್ತೇನೆ. ಈ ಮಂಗಳವಾರ ಅಕ್ಕ ಬಂದಾಗ ಮೂರನೇ ಡ್ರಮ್ ಜರಡಿ ಹಿಡಿದೆವು. ಸುಮಾರು 35 ಕೆಜಿ ಗೊಬ್ಬರ ಸಿಕ್ಕಿತು. ಕಾಫಿ ಕುಡಿಯುವಾಗ ಬರೆದಿದ್ದನ್ನೆಲ್ಲ ಅವರಿಗೆ ಓದಿ ಹೇಳಿದೆ. ಅತ್ತೆಯೂ ಕೂತು ಕೇಳಿದರು. ತಮ್ಮ ಬಗ್ಗೆ ಬರೆದ ಕಡೆ ಅಕ್ಕ ತಲೆ ತಗ್ಗಿಸಿ ಲೋಟ ನೋಡುತ್ತಿದ್ದರು. ಕೊನೆಗೆ ಒಂದೇ ಒಂದು ತಪ್ಪು ತೋರಿಸಿದರು. ನಿಂಬೆ ಸಿಪ್ಪೆ ಹಾಕಲೇಬಾರದು ಅಂತ ನಾನು ಬರೆದಿದ್ದೆ. "ಹಾಕ್ಬಹುದಮ್ಮಾ, ಜಾಸ್ತಿ ಹಾಕ್ಬಾರ್ದು ಅಷ್ಟೇ" ಅಂದರು. ತಿದ್ದಿದ್ದೇನೆ.